ಹಿಂದಕ್ಕೆ ಪಾಸು ಕೊಡುವವನು

ಅಳ್ನಾವರದ ಕಡೆಯಿಂದ ಬರುವ ರೈಲುದಾರಿ ಅಂಬೇವಾಡಿಯಲ್ಲಿ ಮುಗಿಯುತ್ತದೆ. ಅದರಾಚೆ ದಾಂಡೇಲಿ, ಕಾಗದದ ಗಿರಣಿ, ಕಾಳಿ ನದಿ, ಕಾಡು. ಗಿರಣಿ ಊರುಗಳಲ್ಲಿ ಆಗುವ ಹಾಗೆ ಇಲ್ಲಿಗೂ ಹತ್ತು ದಿಕ್ಕಿನಿಂದ ದುಡಿಯುವ ಜನ ಬಂದರು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವು. ಆ ಜನರ ಮಕ್ಕಳ ಕಾಲಿಗೆ ಚೆಂಡು ಸಿಕ್ಕಿತು.

ಒಂದು ಮಳೆಗಾಲದ ಭಾನುವಾರ ಅಂಬೇವಾಡಿ ಕಡೆಯ ಬಯಲಿನಲ್ಲಿ ಪಂದ್ಯ ನೋಡುತ್ತ ನಿಂತಿದ್ದೆ. ಕೆಂಪು ಕೆಸರು, ಕಟ್ಟಿಗೆ ನೆಟ್ಟು ಮಾಡಿದ ಗೋಲು. ಒಂದು ತಂಡದ ನಡುವಿನಲ್ಲಿ ಆಡುತ್ತಿದ್ದವನಿಗೆ ನಲವತ್ತರ ಹತ್ತಿರ ವಯಸ್ಸು. ಲಾರಿಗೆ ಕಟ್ಟಿಗೆ ಹೇರುವ ಕೆಲಸದವನು. ಓಟ ಕಡಿಮೆ. ಚೆಂಡು ಬಂದರೆ ಮಗ್ಗುಲಿಗೆ ಕೊಡುವನು, ಇಲ್ಲವೆ ಹಿಂದಕ್ಕೆ ಕೊಡುವನು. ಜನಕ್ಕೆ ಸಿಟ್ಟು.

"ಏ ಮುದಕಪ್ಪಾ, ಗೋಲು ಆ ಕಡೆ ಐತಿ!"

"ಅವನ್ನ ಹೊರಗ ಹಾಕ್ರಿ, ಹುಡುಗೂರನ್ನ ಇಳಸ್ರಿ!"

ನಾನೂ ಕೂಗಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ತಂಡ ಕಟ್ಟಿದವರು ಒಬ್ಬ ನಿವೃತ್ತ ಮಾಸ್ತರು. ಅವರು ಬಹಳ ಹೊತ್ತು ಜನರ ಮಾತಿಗೆ ಕಿವಿಗೊಡಲಿಲ್ಲ. ಕೊನೆಗೆ ಬಹುಮಾನದ ದುಡ್ಡು ಕೊಟ್ಟಿದ್ದ ಗುತ್ತಿಗೆದಾರ ಕುರ್ಚಿಯಿಂದ ಎದ್ದು ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಅವನನ್ನು ಹೊರಗೆ ಕರೆದರು. ಜನ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಡುಹಾದಿಯಿಂದಲೇ ಒಂದರ ಹಿಂದೆ ಒಂದು, ಎರಡು ಗೋಲು ಬಿದ್ದವು. ಜನ ಗೋಲುಕಾಯುವ ಹುಡುಗನನ್ನು ಬೈದರು. ಹೊರಗೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದವನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಆಟ ಮುಗಿದ ಮೇಲೆ ಮಾಸ್ತರರನ್ನು ಕೇಳಿದೆ. "ಸರ್, ಅವನನ್ನ ಅಷ್ಟೊತ್ತು ಯಾಕ ಇಟ್ಟಿದ್ರಿ?"

"ನೀ ಏನ್ ನೋಡಿದಿ?"

"ಹಿಂದಕ್ಕ ಪಾಸ್ ಕೊಟ್ಟದ್ದು ನೋಡಿದೆ."

"ನಾ ಆಗದೇ ಇದ್ದದ್ದನ್ನ ನೋಡಿದೆ. ಅಂವ ಇರೂತನಾ ಆ ನಡುಹಾದಿಯಿಂದ ಎಷ್ಟ ಸಲ ಚೆಂಡ ಬಂತು? ಎಣಿಸಿಯೇನು?"

ನಾನು ಎಣಿಸಿರಲಿಲ್ಲ. ಆಗದೇ ಇದ್ದದ್ದನ್ನು ಯಾರು ಎಣಿಸುತ್ತಾರೆ? ಈ ಪ್ರಶ್ನೆಯನ್ನು ನಾನು ಅಂದು ಮನೆಗೆ ತಂದೆ. ಇದು ಬರೀ ಕಾಲ್ಚೆಂಡಿನ ಪ್ರಶ್ನೆಯಲ್ಲ ಎಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು.

ಮೊದಲು ಆಟದ ಮಾತನ್ನೇ ಮುಗಿಸೋಣ. ಆಟ ತೊಂಬತ್ತು ನಿಮಿಷ. ಒಬ್ಬೊಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಎಲ್ಲಿ ನಿಂತಿದ್ದ, ಯಾರ ದಾರಿ ಮುಚ್ಚಿದ, ಯಾರಿಗೆ ಏನು ಕೂಗಿ ಹೇಳಿದ ಎಂಬುದೇ ಅವನ ಆಟ. ನೋಡುವವರ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಅದು ಸಹಜ. ಕೋಚಿನ ಕಣ್ಣು ಚೆಂಡಿಲ್ಲದ ಜಾಗದಲ್ಲಿರುತ್ತದೆ. ನಡುವಿನವನು ಎರಡು ಹೆಜ್ಜೆ ಸರಿದು ನಿಂತರೆ ಎದುರಾಳಿ ಆ ದಾರಿಯಲ್ಲಿ ಪಾಸು ಕೊಡುವ ಯೋಚನೆಯನ್ನೇ ಬಿಡುತ್ತಾನೆ. ಆ ಬಿಟ್ಟ ಯೋಚನೆ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಹಿಂದಕ್ಕೆ ಕೊಟ್ಟ ಪಾಸು ಅಂಜಿಕೆಯಂತೆ ಕಾಣುತ್ತದೆ. ಆದರೆ ಅದು ಎದುರಾಳಿಯನ್ನು ಮುಂದಕ್ಕೆ ಎಳೆಯುತ್ತದೆ, ಅವನ ಬೆನ್ನ ಹಿಂದೆ ಜಾಗ ಮಾಡುತ್ತದೆ. ದಣಿದ ಜೊತೆಗಾರರಿಗೆ ನಾಲ್ಕು ಉಸಿರು ಸಿಗುತ್ತದೆ. ಮೈಯ ವೇಗ ಹೋದವನು ಮೊದಲೇ ನೋಡಿ ಮೊದಲೇ ಹೊರಡುವುದನ್ನು ಕಲಿತಿರುತ್ತಾನೆ. ಎಲ್ಲಿ ಆಳು ಬೇಕೋ ಅಲ್ಲಿ ಅವನು ಆಗಲೇ ಇರುತ್ತಾನೆ, ಆದ್ದರಿಂದ ಅವನು ಓಡಿದ್ದು ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಜನರ ಸಿಟ್ಟು ಯಾಕೆ? ಅವನ ತಪ್ಪು ಎಲ್ಲರಿಗೂ ಕಾಣುತ್ತದೆ, ಅವನ ಸರಿ ಯಾರಿಗೂ ಕಾಣುವುದಿಲ್ಲ. ಅವನು ಹತ್ತು ಅಪಾಯ ತಡೆದು ಹನ್ನೊಂದನೆಯದರಲ್ಲಿ ಎಡವಿದರೆ ಆ ಹನ್ನೊಂದನೆಯದೇ ಅವನ ಚರಿತ್ರೆ. ಮೇಲಾಗಿ ಅವನು ನಿಂತ ಜಾಗ ಒಬ್ಬ ಎಳೆಯ ಹುಡುಗನದು ಎಂದು ಜನ ತಿಳಿಯುತ್ತಾರೆ. ಆ ತಿಳಿವಳಿಕೆಯಲ್ಲಿ ನ್ಯಾಯವೂ ಇಲ್ಲದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ದೊಡ್ಡ ದುಡ್ಡಿನ ಆಟದಲ್ಲೂ ಕತೆ ಇದೇ. ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದಲ್ಲಿ ಕ್ಲೋಡ್ ಮಾಕೆಲೆಲೆ ಎಂಬವನಿದ್ದ. ಹುಟ್ಟಿದ್ದು ಕಾಂಗೋದ ಕಿನ್ಶಾಸಾದಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. 2003ರಲ್ಲಿ, ಅವನಿಗೆ ಮೂವತ್ತಾದಾಗ, ಸಂಬಳ ಹೆಚ್ಚಿಸಿ ಎಂದು ಕೇಳಿದ. ಜೊತೆಯ ತಾರೆಗಳಿಗೆ ಸಿಗುವುದಕ್ಕಿಂತ ಬಹಳ ಕಡಿಮೆ ಅವನಿಗೆ ಸಿಗುತ್ತಿತ್ತು. ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಒಪ್ಪಲಿಲ್ಲ. ಇವನ ಪಾಸುಗಳೆಲ್ಲ ಪಕ್ಕಕ್ಕೆ, ಹಿಂದಕ್ಕೆ. ಇವನು ಹೋದರೆ ನಷ್ಟವಿಲ್ಲ ಎಂಬ ಅರ್ಥದ ಮಾತಾಡಿದ. ಇಂಗ್ಲೆಂಡಿನ ಚೆಲ್ಸಿಗೆ ಮಾಕೆಲೆಲೆ ಮಾರಾಟವಾದ. ಅದೇ ಬೇಸಿಗೆಯಲ್ಲಿ ಮ್ಯಾಡ್ರಿಡ್‌ಗೆ ಡೇವಿಡ್ ಬೆಕ್‌ಹ್ಯಾಮ್ ಬಂದ, ಅಂಗಿಗಳು ಮಾರಾಟವಾದವು. ಆಮೇಲಿನ ಮೂರು ವರ್ಷ ಮ್ಯಾಡ್ರಿಡ್ ತನ್ನ ದೇಶದ ಲೀಗ್ ಗೆಲ್ಲಲಿಲ್ಲ. ಚೆಲ್ಸಿ 2004-05ರಲ್ಲಿ ಲೀಗ್ ಗೆದ್ದಿತು; 38 ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು 15 ಗೋಲು ಮಾತ್ರ. ಇದೆಲ್ಲ ಒಬ್ಬನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ನಷ್ಟವಿಲ್ಲ ಎಂದ ಲೆಕ್ಕ ಮಾತ್ರ ತಪ್ಪಾಗಿತ್ತು.

ಲಂಡನ್ನಿನ ಆರ್ಸೆನಲ್ ತಂಡದ ನಾಯಕ ಗ್ರಾನಿಟ್ ಝಾಕಾನನ್ನು 2019ರ ಅಕ್ಟೋಬರಿನಲ್ಲಿ ಅವನದೇ ತಂಡದ ಅಭಿಮಾನಿಗಳು ಕೂಗಿ ಮೈದಾನದಿಂದ ಕಳಿಸಿದರು. ಅವನೂ ಸಿಟ್ಟಿಗೆದ್ದು ಅಂಗಿ ಕಳಚಿದ. ನಾಯಕನ ಪಟ್ಟ ಹೋಯಿತು. ಡಿಸೆಂಬರಿನಲ್ಲಿ ಬಂದ ಹೊಸ ಕೋಚು ಮಿಕೆಲ್ ಆರ್ಟೆಟಾ ಅವನನ್ನು ಹೋಗಗೊಡಲಿಲ್ಲ. 2023ರಲ್ಲಿ ಅದೇ ಝಾಕಾ ಜರ್ಮನಿಯ ಲೆವರ್ಕುಸೆನ್ ಸೇರಿದ; ಮುಂದಿನ ವರ್ಷ ಆ ತಂಡ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೊದಲ ಬಾರಿಗೆ ತನ್ನ ದೇಶದ ಲೀಗ್ ಗೆದ್ದಿತು.

ಪರದೇಶದವರನ್ನು ಯಾಕೆ ಅನ್ನಬೇಕು? 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರನ್ನು ಆಟ ಬಲ್ಲವರು ಇವತ್ತಿಗೂ ಹೇಳುತ್ತಾರೆ. ಅದೇ ತಂಡದಲ್ಲಿ ನಮ್ಮ ನಾಡಿನ ಕೆಂಪಯ್ಯ ಎಂಬ ಹಾಫ್‌ಬ್ಯಾಕ್ ಇದ್ದರು. ಕನ್ನಡದ ಯಾವ ಶಾಲೆಯ ಮಕ್ಕಳಿಗೆ ಆ ಹೆಸರು ಗೊತ್ತು? ನಾನೂ ಡಿಗ್ರಿ ಮುಗಿಯುವ ತನಕ ಕೇಳಿರಲಿಲ್ಲ.

ಇಷ್ಟಕ್ಕೇ ನಿಂತರೆ ಇದು ಕ್ರೀಡಾಪುಟದ ಮಾತಾಗುತ್ತದೆ. ನನ್ನನ್ನು ಕಾಡುವ ಮಾತು ಬೇರೆ. ಆಗದೇ ಇದ್ದದ್ದನ್ನು ಕಾಯುವ ಕೆಲಸ ಮೈದಾನದ ಹೊರಗೆ ಯಾರು ಮಾಡುತ್ತಾರೆ?

ಅಂಬೇವಾಡಿಯ ರೈಲುಹಳಿಗೇ ವಾಪಸು ಬನ್ನಿ. 2019ರ ನವೆಂಬರಿನಲ್ಲಿ ಈ ದಾರಿಯಲ್ಲಿ ಬಹಳ ವರ್ಷಗಳ ಮೇಲೆ ಪ್ರಯಾಣಿಕರ ರೈಲು ಮತ್ತೆ ಬಂತು. ಬಾವುಟ ತೋರಿಸಿದವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆದು, ಸಡಿಲಾದ ಕೀಲಿ ಬಡಿದು ಬಿಗಿ ಮಾಡುವ ಕೀಮನ್‌ನ ಚಿತ್ರ ಬಂದದ್ದು ನಾನು ಕಾಣೆ. ರೈಲು ಹಳಿ ತಪ್ಪಲಿಲ್ಲ ಎಂಬುದು ಸುದ್ದಿಯಲ್ಲ. ಗಟಾರ ತುಂಬಲಿಲ್ಲ, ಕೇರಿಗೆ ವಾಂತಿಭೇದಿ ಬರಲಿಲ್ಲ, ಲೈನು ಕಡಿದು ಯಾರೂ ಸಾಯಲಿಲ್ಲ — ಇವು ಯಾವುವೂ ಸುದ್ದಿಯಲ್ಲ. ಒಂದು ದಿನ ಪೌರಕಾರ್ಮಿಕರು ಬರದಿದ್ದರೆ ಊರು ನಾರುತ್ತದೆ. ಆಗ ಜನ ಮೂಗು ಮುಚ್ಚಿಕೊಂಡು ಅವರನ್ನೇ ಬೈಯುತ್ತಾರೆ. ಗೋಲು ಬಿದ್ದಾಗ ಗೋಲುಕಾಯುವ ಹುಡುಗನನ್ನು ಬೈದ ಹಾಗೆ.

ಮೈದಾನದಲ್ಲಿ ಜನಕ್ಕೆ ಕಾಣಲಿಲ್ಲ ಎಂದರೆ ಕಣ್ಣು ಪಳಗಿಲ್ಲ ಎಂದರ್ಥ. ನಾಲ್ಕು ಆಟ ಗಮನವಿಟ್ಟು ನೋಡಿದರೆ ಪಳಗುತ್ತದೆ. ಸಮಾಜದ ಕಣ್ಣು ಹಾಗಲ್ಲ. ಅದು ಪಳಗಿದ ಕಣ್ಣೇ. ಯಾರನ್ನು ನೋಡಬಾರದು, ಯಾರ ನೆರಳು ಎಲ್ಲಿ ಬೀಳಬಾರದು ಎಂದು ಸಾವಿರಾರು ವರ್ಷ ಪಾಠ ಹೇಳಿ ಪಳಗಿಸಿದ ಕಣ್ಣು ಅದು. ಅದಕ್ಕೆ ಕಾಣುವುದಿಲ್ಲ ಎನ್ನುವುದು ಸುಳ್ಳು, ಕಂಡರೂ ಎಣಿಸಬಾರದೆಂದು ಅದು ಕಲಿತಿದೆ.

ಇಲ್ಲಿ ಒಬ್ಬ ಒಳ್ಳೆಯ ಮನಸ್ಸಿನ ಗೆಳೆಯ ಹೇಳಬಹುದು: "ಸರಿನಪ್ಪಾ, ಹಂಗಾದ್ರ ಅವರನ್ನ ಹೊಗಳೋಣ. ಕೋಚ್ ಹೊಗಳಿದ ಹಂಗ. ನಿಮ್ಮ ಕೆಲಸ ದೊಡ್ಡದು, ನಿಮ್ಮಿಂದ ಊರು ನಡದೈತಿ ಅನ್ನೋಣ."

ಗೆಳೆಯರೇ, ನನಗೆ ಭಯ ಇರುವುದೇ ಈ ಹೊಗಳಿಕೆಯ ಬಗ್ಗೆ. ಯಾಕೆಂದರೆ ಈ ಹೊಗಳಿಕೆ ಹೊಸತಲ್ಲ. ಭಂಗಿಯ ಸೇವೆ ಎಲ್ಲ ಸೇವೆಗಳಿಗಿಂತ ಮಿಗಿಲು ಎಂಬ ಅರ್ಥದ ಮಾತನ್ನು ಗಾಂಧೀಜಿ 1936ರಲ್ಲೇ ಬರೆದರು, ಅದನ್ನು ತಾಯಿಯ ಕೆಲಸಕ್ಕೆ ಹೋಲಿಸಿದರು. ಅವರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಹೇಳಲಾರೆ. ಆದರೆ ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿಯವರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಹೊಗಳಿಕೆಯ ಒಳಗಿನ ಕ್ರೌರ್ಯವನ್ನು ಬಿಚ್ಚಿಟ್ಟರು. ಮಲ ಬಳಿಯುವವನಿಗೆ ನಿನ್ನ ಕೆಲಸ ಪವಿತ್ರ ಎಂದು ಹೇಳಿ ಅದರಲ್ಲೇ ಇರಿಸುವುದು ಅವನ ಮೇಲಿನ ಗೌರವವಲ್ಲ. ಹೊಗಳಿದವರ ಮಕ್ಕಳು ಯಾರೂ ಆ ಪವಿತ್ರ ಕೆಲಸಕ್ಕೆ ಅರ್ಜಿ ಹಾಕುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ.

ನಮ್ಮ ನಾಡಿನಲ್ಲಿ ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ಮಂತ್ರಿಯಾಗಿದ್ದಾಗ ಭಾಷಣದ ಹೊಗಳಿಕೆ ಮಾಡಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನೇ ನಿಷೇಧಿಸಿದರು. ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ನಡುವೆ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬದವರು, ತಾವು ಬಾಳಿದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂದು, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ನಮ್ಮ ಮುಂಡಗೋಡಿನಿಂದ ಸವಣೂರು ದೂರವಲ್ಲ. ಕಾಣದಂತೆ ದುಡಿದವರು ಕಾಣಿಸಿಕೊಳ್ಳಲು ಅಷ್ಟು ಮಾಡಬೇಕಾಯಿತು. ಆಮೇಲೆ ಕಂಡರು. ನಾಡೆಲ್ಲ ಕಂಡಿತು. ಕೆಲವು ದಿನ.

ಹಾಗಾದರೆ ನಡುಮೈದಾನದ ಆ ಮುದುಕನಿಗೆ ಕೋಚು ಕೊಟ್ಟ ಬೆಲೆಗೂ ಈ ಹೊಗಳಿಕೆಗೂ ಏನು ಫರಕು? ಈ ಲೇಖನ ಬರೆಯಲು ಕೂತದ್ದೇ ಈ ಫರಕು ಹುಡುಕಲಿಕ್ಕೆ.

ಕೋಚು ಅವನನ್ನು ಹೊಗಳಿದ್ದಕ್ಕಿಂತ ಹೆಚ್ಚಾಗಿ ಹನ್ನೊಂದು ಹೆಸರಿನ ಪಟ್ಟಿಯಲ್ಲಿ ಅವನ ಹೆಸರು ಬರೆದ. ಮುಂದೆ ಆಡುವವನಿಗೆ ಯಾವ ಬಣ್ಣದ ಅಂಗಿಯೋ ಇವನಿಗೂ ಅದೇ ಅಂಗಿ. ಗೆದ್ದರೆ ಬಹುಮಾನದಲ್ಲಿ ಅದೇ ಪಾಲು — ಇಲ್ಲದಿದ್ದರೆ ಮಾಕೆಲೆಲೆಯಂತೆ ಕೇಳುವ ಬಾಯಿ, ಬಿಟ್ಟು ಹೋಗುವ ಕಾಲು ಅವನಿಗೆ ಉಂಟು. ಇದಕ್ಕಿಂತ ದೊಡ್ಡ ಮಾತೆಂದರೆ, ಅವನು ನಡುವಿನಲ್ಲಿ ಹುಟ್ಟಲಿಲ್ಲ. ಅವನಪ್ಪ ನಡುವಿನಲ್ಲಿ ಆಡಿದ್ದನೆಂದು ಅವನು ಆಡುತ್ತಿಲ್ಲ, ಅವನ ಮಗ ಅಲ್ಲೇ ಆಡಬೇಕೆಂದು ಯಾವ ಗೌಡನೂ ಹೇಳಲಾರ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟವನ್ನು ನೆನೆಯಿರಿ. ಭಾರತದ ಕೋಚು ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನ ಶಾಲಾ ಮಾಸ್ತರರಾಗಿದ್ದವರು. ಕ್ಯಾನ್ಸರಿನಿಂದ ನರಳುತ್ತಿದ್ದರು, ಮರುವರ್ಷವೇ ತೀರಿಕೊಂಡರು. ಹಿಂದೆ ನಿಂತು ಕಾಯುವ ಜರ್ನೈಲ್ ಸಿಂಗ್‌ಗೆ ಆ ಕೂಟದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಅವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಸೆಮಿಫೈನಲ್ಲಿನಲ್ಲೂ ಅವನು ಗೋಲು ಹೊಡೆದ, ಫೈನಲ್ಲಿನಲ್ಲೂ ಹೊಡೆದ. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಕಾಯುವವನು ಹೊಡೆಯಲೂ ಬಲ್ಲ ಎಂದು ಆ ಮಾಸ್ತರರಿಗೆ ಗೊತ್ತಿತ್ತು. ಜಾತಿಗೆ ಗೊತ್ತಿಲ್ಲದ್ದು ಇದೇ. ಜಾತಿ ಬರೀ ಕೆಲಸ ಹಂಚಿಕೊಟ್ಟು ಸುಮ್ಮನಾಗುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಒಬ್ಬರ ಮೇಲೊಬ್ಬರಂತೆ ಪೇರಿಸಿಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲಿ ಜಾತಿವಿನಾಶದ ಭಾಷಣದಲ್ಲಿ ತೋರಿಸಿಕೊಟ್ಟರು. ಲಾಹೋರಿನವರು ಅವರಿಗೆ ಆ ಭಾಷಣ ಮಾಡಲು ಬಿಡಲಿಲ್ಲ.

ಹುಟ್ಟಿನಿಂದ ಜಾಗ ಗೊತ್ತುಮಾಡುವ ಚಾಳಿ ಒಳ್ಳೆಯ ಉದ್ದೇಶದ ವೇಷದಲ್ಲೂ ಬರುತ್ತದೆ. ನಮ್ಮ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಕಾಡಿನ ಅಂಚಿನಲ್ಲಿ ಸಿದ್ದಿಗಳಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡತೊಡಗಿತು. ಆಫ್ರಿಕಾ ಮೂಲದವರು, ಓಟ ಇವರ ರಕ್ತದಲ್ಲೇ ಇದೆ ಎಂಬ ನಂಬಿಕೆ ಅದರ ಹಿಂದೆ ಇತ್ತು. ಮಕ್ಕಳು ಬೆವರು ಸುರಿಸಿದರು, ಕೆಲವರು ಪದಕ ಗೆದ್ದರು. 1990ರ ದಶಕದಲ್ಲಿ ಯೋಜನೆ ನಿಂತಿತು. ನಡುದಾರಿಯಲ್ಲಿ ಕೈಬಿಟ್ಟ ಹುಡುಗರು ಕಾಡಿಗೆ, ಕೂಲಿಗೆ ಮರಳಿದರು. ಪರಿಶಿಷ್ಟ ಪಂಗಡದ ಮಾನ್ಯತೆ ಸಿದ್ದಿಗಳಿಗೆ ಸಿಕ್ಕಿದ್ದು 2003ರಲ್ಲಿ. ರಕ್ತ ನೋಡಿ ಆರಿಸಿದವರಿಗೆ ಆ ಮಕ್ಕಳ ಬೆವರು ಕಾಣಲಿಲ್ಲ. ಓಡಲು ಹುಟ್ಟಿದವನು ಎನ್ನುವುದೂ ಗುಡಿಸಲು ಹುಟ್ಟಿದವನು ಎನ್ನುವುದೂ ಒಂದೇ ವ್ಯಾಕರಣದ ಎರಡು ವಾಕ್ಯ.

ಈಗ ನಮ್ಮ ಚಳುವಳಿಯ ಕಡೆ ತಿರುಗುತ್ತೇನೆ. ಇಲ್ಲಿ ಮಾತು ಕಷ್ಟದ್ದು, ಯಾಕೆಂದರೆ ಇಲ್ಲಿ ಗ್ಯಾಲರಿಯಲ್ಲಿ ಕೂತವರು ನಾವೇ.

ನಾನು ಕವಿತೆ ಓದುವವನು. ಮೈಕಿನ ಮುಂದೆ ನಿಲ್ಲುತ್ತೇನೆ, ಚಪ್ಪಾಳೆ ಬೀಳುತ್ತದೆ. ಅಂದರೆ ನಾನು ಗೋಲು ಹೊಡೆಯುವ ಜಾಗದಲ್ಲಿರುವವನು. ಆ ಮೈಕನ್ನು ಬಾಡಿಗೆಗೆ ತಂದವರು, ಜಮಖಾನೆ ಹಾಸಿದವರು, ಐದೈದು ರೂಪಾಯಿಯ ರಸೀದಿ ಹರಿದವರು ಸಭೆ ಮುಗಿದ ಮೇಲೂ ಜಮಖಾನೆ ಮಡಚುತ್ತ ಉಳಿದಿರುತ್ತಾರೆ. ನಮ್ಮ ಭಾಗದಲ್ಲಿ ಹಿರಿಯ ಕಾರ್ಯಕರ್ತರೊಬ್ಬರಿದ್ದಾರೆ. ಯಾವ ಊರಲ್ಲಿ ದೌರ್ಜನ್ಯವಾದರೂ ನಾವು ಹುಡುಗರು ಮೆರವಣಿಗೆ ಎನ್ನುತ್ತೇವೆ. ಅವರು, "ಮೊದಲ ದೂರು ಬರೀರಿ. ಜಾತಿ ಪ್ರಮಾಣಪತ್ರದ ನಕಲು ತಗೋರಿ. ಎಫ್‌ಐಆರ್ ನಂಬರ್ ಕೈಗೆ ಬರಲಿ. ಆಮ್ಯಾಲ ಮೆರವಣಿಗಿ," ಎನ್ನುತ್ತಾರೆ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಬರೇ ಹಿಂದಕ್ಕ ಪಾಸ್ ಕೊಡ್ತಾನ ಮುದುಕ, ಎಂದದ್ದು ನಾನೇ. 1989ರ ದೌರ್ಜನ್ಯ ತಡೆ ಕಾಯ್ದೆ ಕಾಗದದಲ್ಲಿ ಎಷ್ಟೇ ಗಟ್ಟಿಯಿದ್ದರೂ ಮೊದಲ ದಿನ ದೂರು ಸರಿಯಾಗಿ ಬರೆಯದಿದ್ದರೆ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಎಂದು ನನಗೆ ತಿಳಿದದ್ದು ಒಂದು ಕೇಸು ಬಿದ್ದ ಮೇಲೆ. ಅಂದು ಅವರು ಊರಲ್ಲಿರಲಿಲ್ಲ. ಮೆರವಣಿಗೆ ಮಾತ್ರ ಭರ್ಜರಿಯಾಗಿತ್ತು.

ದಲಿತ ಸಂಘರ್ಷ ಸಮಿತಿ ಎಂದರೆ ನಮ್ಮ ನಾಲಗೆಗೆ ಮೊದಲು ಬರುವುದು ಹಾಡು, ಕವಿತೆ. ಬರಲಿ, ಅವು ನಮ್ಮನ್ನು ಎಬ್ಬಿಸಿದವು. ಆದರೆ ಭದ್ರಾವತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಊರೂರು ತಿರುಗಿ ಸಂಘಟನೆ ಕಟ್ಟಿದ ಬಿ. ಕೃಷ್ಣಪ್ಪನವರ ಓಡಾಟ, ಅವರು ಹಾಕಿದ ದಾರಿಯಲ್ಲಿ ಹೆಸರಿಲ್ಲದೆ ನಡೆದ ನೂರಾರು ಮಾಸ್ತರರ, ಗುಮಾಸ್ತರ ಓಡಾಟ ಯಾವ ಹಾಡಿನಲ್ಲಿದೆ?

ಹಾಗೆಂದು ಹಳಬರೆಲ್ಲ ದೊಡ್ಡವರು, ಹುಡುಗರು ಬಾಯಿಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅದು ಮಠದ ಮಾತು. ಕೋಚಿನ ಕಣ್ಣು ದೇವರ ಕಣ್ಣಲ್ಲ. ಹೇಳಿದ ಮಾತು ಕೇಳುತ್ತಾನೆ ಎಂಬ ಒಂದೇ ಕಾರಣಕ್ಕೆ ಹಳಬನನ್ನು ಇಟ್ಟುಕೊಳ್ಳುವ ಕೋಚುಗಳೂ ಇದ್ದಾರೆ. ಕುರ್ಚಿಗೆ ಅಂಟಿ ಕೂತು ಅನುಭವ ಅನುಭವ ಎನ್ನುವ ಮುಖಂಡರು ನಮ್ಮಲ್ಲೂ ಇದ್ದಾರೆ. ಅಂಥವರನ್ನು ಕಂಡು ಜನ ಕೂಗಿದರೆ ಆ ಕೂಗಿಗೆ ಹಕ್ಕಿದೆ. ಹಾಗಾದರೆ ಇಬ್ಬರನ್ನು ಬೇರೆ ಮಾಡಿ ತಿಳಿಯುವುದು ಹೇಗೆ? ನನಗೆ ತೋಚಿದ ಪರೀಕ್ಷೆ ಒಂದೇ. ನಡುವಿನವನು ಚೆಂಡನ್ನು ಇಟ್ಟುಕೊಳ್ಳುವುದಿಲ್ಲ, ಬಂದ ಚೆಂಡನ್ನು ಕೊಡುತ್ತಾನೆ. ಯಾರ ಕಾಲಿಗೆ ಬಂದ ಚೆಂಡು ಅಲ್ಲೇ ಉಳಿಯುತ್ತದೋ ಅವನು ಎಷ್ಟು ವರ್ಷ ಆಡಿದ್ದರೂ ನಡುವಿನವನಲ್ಲ. ಆ ಹಿರಿಯರು ದೂರು ಬರೆಯುವುದನ್ನು ನಮ್ಮಲ್ಲಿ ನಾಲ್ವರಿಗೆ ಕಲಿಸಿದ್ದಾರೆ. ಇನ್ನು ಅವರು ಊರಲ್ಲಿಲ್ಲದಿದ್ದರೂ ಕೇಸು ಬೀಳುವುದಿಲ್ಲ.

ಕೊನೆಯ ಮಾತು ಮನೆಯದು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಆ ಕಾಗದವನ್ನು ಅವ್ವ ಕನ್ನಡಿಯ ಪಕ್ಕ ಗೋಡೆಗೆ ತೂಗುಹಾಕಿದ್ದಾಳೆ. ಅದರ ಮೇಲೆ ನನ್ನೊಬ್ಬನ ಹೆಸರಿದೆ. ನನ್ನ ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ನಾನು ಕಾಲೇಜಿಗೆ ಹೋದ ಅಷ್ಟೂ ವರ್ಷ ಅವಳು ಕೂಲಿಗೆ ಹೋದಳು. ನಾನು ಫೀ ಕಟ್ಟಲಾಗದೆ ಹೊರಬೀಳಲಿಲ್ಲ, ಹಸಿದು ಪರೀಕ್ಷೆಗೆ ಕೂಡಲಿಲ್ಲ. ಇವು ಆಗದೇ ಇದ್ದ ಸಂಗತಿಗಳು, ಆದ್ದರಿಂದ ಕಾಗದದಲ್ಲಿ ಇಲ್ಲ. ಅಂಬೇವಾಡಿಯ ಬಯಲಿನಿಂದ ಬಂದ ರಾತ್ರಿ ಅಕ್ಕನಿಗೆ ಈ ಆಟದ ಕತೆ ಹೇಳಿದೆ. ನೀನೇ ನಮ್ಮ ಮನೆಯ ನಡುವಿನ ಆಟಗಾರ್ತಿ, ಎಂದೆ. ಬಹಳ ದೊಡ್ಡ ಮಾತು ಹೇಳಿದೆನೆಂದು ನನಗೆ ಒಳಗೊಳಗೇ ಹೆಮ್ಮೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೌದಪಾ, ಆಡೇನಿ," ಅಂದಳು. "ನಾ ಮುಂದ ಆಡ್ತಿದ್ದೆನೋ ಏನೋ. ಯಾರ ಕೇಳಿದ್ರು?"

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಣದ ಕೆಲಸವನ್ನು ಕಾಣುವುದು ಮೊದಲ ಹೆಜ್ಜೆ, ಅದೇ ನಮಗೆ ಇನ್ನೂ ಸರಿಯಾಗಿ ಬಂದಿಲ್ಲ. ಅದಕ್ಕೆ ಸರಿಯಾದ ಪಾಲು ಕೊಡುವುದು ಎರಡನೆಯದು. ಎಲ್ಲಿ ಆಡುತ್ತೀ ಎಂದು ಅವರನ್ನೇ ಕೇಳುವುದು ಮೂರನೆಯದು. ಮೂರನೆಯದಕ್ಕೆ ಬಾರದ ಯಾವ ಹೊಗಳಿಕೆಯನ್ನೂ, ಅದು ನನ್ನ ಕವಿತೆಯಲ್ಲೇ ಇರಲಿ, ಇನ್ನು ಮೇಲೆ ನಾನು ಗೌರವ ಎಂದು ಕರೆಯಲಾರೆ.

ಅಕ್ಕನ ಮಗಳು ಈಗ ಏಳನೆಯಲ್ಲಿದ್ದಾಳೆ. ಮುಂದಿನ ವರ್ಷ ಎಂಟನೆಯದಕ್ಕೆ ಹೋಗುತ್ತಾಳೆ.